ಒಣ ಯೀಸ್ಟ್, ತಣ್ಣೀರು ಮತ್ತು ಕಂಪ್ಯೂಟರಿನೊಳಗಿನ ಸಕ್ಕರೆ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಕಾಕು ಮೂಲತಃ ಧಾರವಾಡದವರು. ಕಳೆದ ತಿಂಗಳು ಮನೆಯಲ್ಲೇ ಪಾವ್ ಮಾಡಲು ಹೊರಟರು. ಒಣ ಯೀಸ್ಟನ್ನು ನಳದ ತಣ್ಣೀರಿಗೆ ಸುರಿದು ಹಿಟ್ಟು ನಾದಿದರು. ಎರಡು ತಾಸಾದರೂ ಹಿಟ್ಟು ಮಿಸುಕಲಿಲ್ಲ. "ಸಕ್ಕರಿ ಮ್ಯಾಲ ಸಂಶೋಧನಾ ಮಾಡ್ತೀನಿ ಅಂತೀಯಲ್ಲ, ಇದಕ್ಯಾಕ ಜೀವ ಬರವಲ್ದು ಹೇಳು ನೋಡೋಣ" ಅಂದರು. ಅವರು ಸುಮ್ನೆ ಕೇಳಿದ್ದು. ಆದರೆ ಪುಣೆಯ ಪಾಷಾಣ್ ಬಡಾವಣೆಯ ನಮ್ಮ ಲ್ಯಾಬಿನಲ್ಲಿ ನಾನು ದಿನವಿಡೀ ಕೂತು ನೋಡುವುದು ಅದನ್ನೇ.

ಯೀಸ್ಟ್ ಕೋಶದೊಳಗೆ ಟ್ರೆಹಲೋಸ್ ಎಂಬ ಸಕ್ಕರೆ ಇರುತ್ತದೆ. ಎರಡು ಗ್ಲೂಕೋಸ್ ಜೋಡಿಸಿದರೆ ಒಂದು ಟ್ರೆಹಲೋಸ್. ಒಣ ಯೀಸ್ಟಿನ ತೂಕದಲ್ಲಿ ಇದರ ಪಾಲು ಶೇಕಡಾ 10 ದಾಟಬಹುದು. ನೀರು ಹೋದ ಮೇಲೆ ಕೋಶದ ಪೊರೆಯನ್ನು ಕಾಯುವುದು ಇದೇ.

ಪೊರೆ ಅಂದರೆ ಲಿಪಿಡ್‌ಗಳ, ಅಂದರೆ ತಲೆ-ಬಾಲಗಳಿರುವ ಕೊಬ್ಬಿನಂಥ ಅಣುಗಳ, ಎರಡು ಪದರ, ದಪ್ಪ ಸುಮಾರು 4 ನ್ಯಾನೋಮೀಟರ್. ಲಿಪಿಡ್ ತಲೆಗಳ ನಡುವೆ ನೀರು ಕೂತು ಅವನ್ನು ದೂರ ಇಟ್ಟಿರುತ್ತದೆ. ನೀರು ಆರಿದರೆ ತಲೆಗಳು ಒತ್ತಿಕೊಳ್ಳುತ್ತವೆ, ಬಾಲಗಳು ಚಳಿಗಾಲದ ತುಪ್ಪದ ಹಾಗೆ ಹೆಪ್ಪುಗಟ್ಟುತ್ತವೆ. ನಾವು ಜಾಸ್ತಿ ಬಳಸುವ ಡಿಪಿಪಿಸಿ ಎಂಬ ಲಿಪಿಡ್ ನೀರಿನಲ್ಲಿದ್ದಾಗ 41 ಡಿಗ್ರಿಗೆ ಸಡಿಲಾಗುತ್ತದೆ. ಒಣಗಿಸಿದರೆ 100 ದಾಟಬೇಕು. ಟ್ರೆಹಲೋಸ್ ಬೆರೆಸಿ ಒಣಗಿಸಿದರೆ 41ಕ್ಕಿಂತ ಕೆಳಗೂ ಇಳಿಯುತ್ತದೆ. ಒಣ ಯೀಸ್ಟಿನ ಪೊರೆ ಸಡಿಲಾಗುವುದು 40ರ ಆಸುಪಾಸು. ತಣ್ಣೀರಿಗೆ ಹಾಕಿದರೆ ಹೆಪ್ಪುಗಟ್ಟಿದ ಪೊರೆ ನೀರು ಕುಡಿಯುತ್ತಲೇ ಸಡಿಲಾಗತೊಡಗುತ್ತದೆ. ಸೋರುವುದು ಆಗಲೇ. ಒಳಗಿನದೆಲ್ಲ ಹೊರಗೆ. ನೀರು ಬೆಚ್ಚಗಿದ್ದರೆ ಪೊರೆ ಮೊದಲೇ ಸಡಿಲಾಗಿ ಆಮೇಲೆ ನೀರು ಕುಡಿಯುತ್ತದೆ, ಸೋರುವುದು ಕಡಿಮೆ. ಕಾಕು ಹಿಟ್ಟಿಗೆ ಆದದ್ದು ಇಷ್ಟೇ.

ಸಕ್ಕರೆ ಪೊರೆಯನ್ನು ಹೇಗೆ ಕಾಯುತ್ತದೆ ಅನ್ನುವುದು ಹಳೆಯ ಜಗಳ. ನೀರು ಬಿಟ್ಟುಹೋದ ಜಾಗದಲ್ಲಿ ಸಕ್ಕರೆ ಕೂರುತ್ತದೆ ಎಂದು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಕ್ರೋ, ಲೋಯಿಸ್ ಕ್ರೋ ಮತ್ತು ಜೊತೆಗಾರರು ವಾದಿಸಿದರು. ಇನ್ನೊಂದು ಪಕ್ಷದವರು ಲೋಣಾವಳಾ ಚಿಕ್ಕಿ ನೆನಪಿಸುತ್ತಾರೆ (ಹೋಲಿಕೆ ನನ್ನದು, ಅವರದಲ್ಲ). ಪಾಕ ಗಾಜಿನಂತೆ ಗಟ್ಟಿಯಾದರೆ ಒಳಗಿದ್ದದ್ದು ಅಲ್ಲಾಡುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಅದೇ ಚಿಕ್ಕಿ ಕೈಗೆ ಅಂಟುತ್ತದೆ. ಗಾಳಿಯ ತೇವ ಗಾಜನ್ನು ಮೆತ್ತಗೆ ಮಾಡುತ್ತದೆ. ಒಣ ಟ್ರೆಹಲೋಸಿನ ಗಾಜು ಮೆತ್ತಗಾಗಲು 100 ಡಿಗ್ರಿ ದಾಟಬೇಕು, ಮಾಮೂಲಿ ಸಕ್ಕರೆಯದು ಅದಕ್ಕಿಂತ ಬಹಳ ಮುಂಚೆಯೇ.

ನಮ್ಮ ಕೆಲಸ ಇದನ್ನು ಕಂಪ್ಯೂಟರಿನೊಳಗೆ ಲೆಕ್ಕ ಹಾಕಿ ಅಣು ಅಣುವಾಗಿ ನೋಡುವುದು, ಇದಕ್ಕೇ ಸಿಮ್ಯುಲೇಶನ್ ಅನ್ನುವುದು. ಒಂದು ಪುಟ್ಟ ಡಬ್ಬಿ, ಅದರಲ್ಲಿ 128 ಲಿಪಿಡ್, ಕೆಲವು ಸಾವಿರ ನೀರಿನ ಅಣು, ಒಂದಿಷ್ಟು ಸಕ್ಕರೆ. ಲೆಕ್ಕದ ಪ್ರತಿ ಹೆಜ್ಜೆ 2 ಫೆಮ್ಟೋಸೆಕೆಂಡ್ (ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು, ಫೆಮ್ಟೋಸೆಕೆಂಡ್ ಅದರ ಹತ್ತು ಲಕ್ಷದಲ್ಲೊಂದು ಪಾಲು). ಹೀಗೆ 500 ನ್ಯಾನೋಸೆಕೆಂಡ್ ನೋಡಬೇಕಾದರೆ 25 ಕೋಟಿ ಹೆಜ್ಜೆ. ಟ್ರೆಹಲೋಸಿಗೆ 8 ಹೈಡ್ರಾಕ್ಸಿಲ್ ಗುಂಪುಗಳಿವೆ, ಅಂದರೆ ಪಕ್ಕದ ಅಣುವನ್ನು ಹೈಡ್ರೋಜನ್ ಬಂಧದಿಂದ ಹಿಡಿಯುವ ಕೈಗಳು. ಪರದೆಯ ಮೇಲೆ ಒಂದೇ ಅಣು ಅಡ್ಡ ಮಲಗಿ ಎರಡು ಮೂರು ಲಿಪಿಡ್ ತಲೆಗಳನ್ನು ಹಿಡಿದುಕೊಳ್ಳುವುದು ಕಾಣುತ್ತದೆ. ಹೈಡ್ರೋಜನ್ ಬಂಧಗಳನ್ನು ಎಣಿಸಿದರೆ ಲಿಪಿಡ್‌ನ ಒಟ್ಟು ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನೀರು ಬಿಟ್ಟದ್ದನ್ನು ಸಕ್ಕರೆ ಹಿಡಿದಿರುತ್ತದೆ.

ಇಲ್ಲೇ ನಾನೊಮ್ಮೆ ಮುಗ್ಗರಿಸಿದ್ದೆ. ಪಿಎಚ್‌ಡಿಯ ಮೊದಲ ವರ್ಷ. ಸಕ್ಕರೆಯೆಲ್ಲ ಪೊರೆಯ ಮೇಲೆ ಉಂಡೆಯಾಗಿ ಕೂತಿತು. ಚಿತ್ರ ಎಷ್ಟು ಚಂದ ಬಂದಿತ್ತೆಂದರೆ ಪ್ರಿಂಟ್ ತೆಗೆದು ಗೈಡ್ ಮುಂದೆ ಇಟ್ಟೆ. ಅವರು ಕೇಳಿದ್ದು ಒಂದೇ ಮಾತು: "ಪೊರೆ ತೆಗೆದು ಬರೀ ನೀರಲ್ಲಿ ಓಡಿಸಿದ್ದೀಯಾ?" ಓಡಿಸಿದೆ. ಅಲ್ಲೂ ಉಂಡೆ! ಲೋಟದ ಶರಬತ್ತಿನಲ್ಲಿ ಚೆನ್ನಾಗಿ ಕರಗುವ ಸಕ್ಕರೆ ನನ್ನ ಡಬ್ಬಿಯಲ್ಲಿ ಗಂಟು ಕಟ್ಟಿತ್ತು. ತಪ್ಪು ಫೋರ್ಸ್ ಫೀಲ್ಡ್‌ನದು, ಅಂದರೆ ಅಣುಗಳ ಎಳೆತ-ತಳ್ಳಾಟ ಹೇಳುವ ಲೆಕ್ಕದ್ದು. ಸಕ್ಕರೆ ಸಕ್ಕರೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಎಳೆಯುವ ಈ ರೋಗ ಹಲವು ಹಳೆಯ ಫೋರ್ಸ್ ಫೀಲ್ಡ್‌ಗಳಲ್ಲಿದೆ. ಮೂರು ವಾರ ನೀರುಪಾಲು. ಈಗ ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಮೊದಲು ಪೊರೆ ಇಲ್ಲದ ಡಬ್ಬಿ ತೋರಿಸಿ ಅನ್ನುತ್ತೇನೆ. ಅದರ ಆಸ್ಮಾಟಿಕ್ ಒತ್ತಡ, ಅಂದರೆ ಕರಗಿದ ಸಕ್ಕರೆ ನೀರನ್ನು ತನ್ನತ್ತ ಎಳೆಯುವ ಬಲ, ಪ್ರಯೋಗದ ಅಂಕಿಗೆ ಹೊಂದಬೇಕು. ಆಮೇಲೆ ಪೊರೆ.

ನೀರು ತುಂಬಿದ್ದಾಗ ಸಕ್ಕರೆ ಪೊರೆಗೆ ಅಂಟುತ್ತದೋ, ದೂರ ನಿಲ್ಲುತ್ತದೋ? ಎರಡೂ ನಿಜ. ಸಕ್ಕರೆ ತೆಳುವಾಗಿದ್ದರೆ ಅಂಟುತ್ತದೆ, ದಟ್ಟವಾದಂತೆ ಪೊರೆಯಿಂದ ದೂರ ಸರಿಯುತ್ತದೆ ಎಂದು 2011ರಲ್ಲಿ ಪ್ರಯೋಗಗಳು ತೋರಿಸಿದವು. ಪೂರ್ತಿ ಒಣಗಿದಾಗ ಸರಿಯಲು ಜಾಗವೇ ಇರುವುದಿಲ್ಲ. ಹಾಗಾಗಿ ಯಾರಾದರೂ ಸಿಮ್ಯುಲೇಶನ್ ತೋರಿಸಿದರೆ ನಾನು ಮೊದಲು ಕೇಳುವುದು ಒಂದು ಲಿಪಿಡ್‌ಗೆ ಎಷ್ಟು ನೀರು ಅಂತ.

ಪುಣೆಯವರಿಗೆ ಇದು ದೂರದ ಮಾತಲ್ಲ. 2022ರಲ್ಲಿ ಅನುಮತಿ ಸಿಕ್ಕ ಇಲ್ಲಿಯ ಜೆನ್ನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆ ಒಣಪುಡಿಯ ರೂಪದ್ದು, 2ರಿಂದ 8 ಡಿಗ್ರಿಯಲ್ಲಿ ಇಡುವಂಥದ್ದು. ಇಂಥ ಲಸಿಕೆಯ ಎಂಆರ್‌ಎನ್‌ಎ ಹೊರುವ ಲಿಪಿಡ್ ಕಣಗಳನ್ನು ಒಣಗಿಸುವ ಯಾರಿಗೇ ಆಗಲಿ, ಅವು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುವುದೇ ತಲೆನೋವು.

ಇಷ್ಟೆಲ್ಲ ಕೇಳಿ ಕಾಕು, "ಹಂಗಾದ್ರ ಒಂದ್ ಚಮಚಾ ಸಕ್ಕರಿ ಜಾಸ್ತಿ ಹಾಕ್ಲೇನು?" ಅಂದರು. ಬೇಡ ಕಾಕು, ಅದು ಯೀಸ್ಟಿಗೆ ಊಟ ಅಷ್ಟೇ. ಪೊರೆ ಉಳಿಯಬೇಕಾದರೆ ಒಣಗುವ ಮುಂಚೆಯೇ ಅದರ ಒಳಗೂ ಹೊರಗೂ ಸಕ್ಕರೆ ಇರಬೇಕು. ನೀವು ನೀರು ಬೆಚ್ಚಗೆ ಮಾಡಿ ಸಾಕು.