ಬ್ರಿಟನ್ನಿನ 'ಇಂಡಿಯನ್' ಹೋಟೆಲು ಕಟ್ಟಿದ ಸಿಲ್ಹೆಟ್ ಜನ

ಬ್ರಿಟನ್ನಿನ ಯಾವುದೇ ಪೇಟೆಗೆ ಹೋಗಿ, ಒಂದಾದರೂ 'ಇಂಡಿಯನ್' ಹೋಟೆಲು ಸಿಗುತ್ತದೆ. ಅದನ್ನು ನಡೆಸುವವರು ಮಾತ್ರ ಹೆಚ್ಚಾಗಿ ಬಾಂಗ್ಲಾದೇಶದವರು, ಅದರಲ್ಲೂ ಸಿಲ್ಹೆಟ್ ಎಂಬ ಒಂದೇ ಸೀಮೆಯವರು. ಅಷ್ಟು ಜನ ಅಲ್ಲಿಂದಲೇ ಯಾಕೆ ಬಂದರು?

ಹಡಗಿನಿಂದ ಶುರು ಮಾಡಬೇಕು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾದಿಂದ ಹೊರಡುತ್ತಿದ್ದ ಉಗಿಹಡಗುಗಳಲ್ಲಿ ಒಲೆಗೆ ಕಲ್ಲಿದ್ದಲು ಸುರಿಯಲು ಸಿಲ್ಹೆಟ್ ಕಡೆಯ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದರು. ಮೈ ಸುಡುವ ಕೆಲಸ, ಬಿಳಿಯರಿಗಿಂತ ತೀರಾ ಕಡಿಮೆ ಸಂಬಳ. ಲಂಡನ್ ಮುಟ್ಟಿದ ಮೇಲೆ ಕೆಲವರು ಹಡಗು ಬಿಟ್ಟು ತಪ್ಪಿಸಿಕೊಂಡರು, ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಈರುಳ್ಳಿ ಹೆಚ್ಚಿ ಬದುಕಿದರು. ಎರಡನೇ ಮಹಾಯುದ್ಧ ಮುಗಿದಾಗ ಬಾಂಬಿಗೆ ಸಿಕ್ಕಿ ಹಾಳುಬಿದ್ದ ಕೆಫೆಗಳನ್ನೂ ಫಿಶ್ ಅಂಡ್ ಚಿಪ್ಸ್ ಅಂಗಡಿಗಳನ್ನೂ ಇವರಲ್ಲಿ ಹಲವರು ಅಗ್ಗಕ್ಕೆ ಹಿಡಿದರು. (ಆ ಕರಿದ ಮೀನು ಕೂಡ ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿಗಳ ಜೊತೆ ಬಂದದ್ದೇ ಎನ್ನುತ್ತಾರೆ.) ಮೀನು, ಚಿಪ್ಸ್ ಮಾರುವುದನ್ನು ನಿಲ್ಲಿಸಲಿಲ್ಲ. ಪಕ್ಕದಲ್ಲೇ ಅನ್ನ, 'ಕರಿ' ಎಂಬ ಮಸಾಲೆ ಸಾರು ಇಟ್ಟರು, ಪಬ್ ಮುಚ್ಚಿದ ಮೇಲೂ ಬಾಗಿಲು ತೆರೆದಿಟ್ಟರು. ಹಸಿದು ಬಂದ ಕೂಲಿಕಾರರು ನಿಧಾನಕ್ಕೆ ರುಚಿ ಹತ್ತಿಸಿಕೊಂಡರು.

ಇದಕ್ಕೂ ಮುಂಚೆ ಪ್ರಯತ್ನ ನಡೆದಿತ್ತು. ಪಟ್ನಾದ ಸೇಕ್ ಡೀನ್ ಮಹಮದ್ 1810ರಲ್ಲೇ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ, ಎರಡೇ ವರ್ಷಕ್ಕೆ ದಿವಾಳಿಯಾದ. ಅವನು ನಂಬಿದ್ದು ಭಾರತದಲ್ಲಿದ್ದು ಬಂದ ಸಾಹೇಬರನ್ನು. 1926ರಲ್ಲಿ ಲಂಡನ್ನಿನಲ್ಲಿ ತೆರೆದ ವೀರಸ್ವಾಮಿ ಹೋಟೆಲು ಕೂಡ ದುಡ್ಡಿದ್ದವರ ಜಾಗವೇ. ಕರಿಯನ್ನು ಸಾಮಾನ್ಯರ ಬೀದಿಗೆ ತಂದವರು ಹಡಗಿನ ಹುಡುಗರು. ನನ್ನ ಮಟ್ಟಿಗೆ ನಿಜವಾದ ಕೀರ್ತಿ ಅವರದು.

ಅವರ ಅಡುಗೆಮನೆ ನೋಡಬೇಕು. ಬೆಳಗ್ಗೆಯೇ ದೊಡ್ಡ ಹಂಡೆಯಲ್ಲಿ ರಾಶಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಟೊಮ್ಯಾಟೊ, ಅರಿಶಿನ ಹಾಕಿ ಬೇಯಿಸಿ, ನುಣ್ಣಗೆ ರುಬ್ಬಿ ಒಂದೇ ಗ್ರೇವಿ ಮಾಡಿಟ್ಟಿರುತ್ತಾರೆ. ಆರ್ಡರ್ ಬಂತೋ, ಬಾಣಲೆಗೆ ಎಣ್ಣೆ, ಮಸಾಲೆ ಪುಡಿ, ಎರಡು ಸೌಟು ಗ್ರೇವಿ, ಬೆಂದ ಮಾಂಸ. ಕೆನೆ, ತೆಂಗಿನಪುಡಿ ಬಿದ್ದರೆ ಕೋರ್ಮಾ. ಖಾರದ ಪುಡಿ ಜಾಸ್ತಿಯಾದರೆ ಮದ್ರಾಸ್, ಇನ್ನೂ ಜಾಸ್ತಿಯಾದರೆ ವಿಂದಾಲೂ. ಹತ್ತು ನಿಮಿಷದಲ್ಲಿ ತಟ್ಟೆ ರೆಡಿ. ಕೆಲಸದವರು ತಾವು ಉಣ್ಣುತ್ತಿದ್ದದ್ದು ಬೇರೆ: ಮೀನಿನ ಸಾರು, ಒಣಮೀನು, ಶಾತ್ಕರಾ ಎಂಬ ನಿಂಬೆ ಜಾತಿಯ ಹುಳಿಹಣ್ಣು ಹಾಕಿದ ಮಾಂಸ. ಅದು ಎಷ್ಟೋ ವರ್ಷ ಮೆನುವಿಗೆ ಬರಲೇ ಇಲ್ಲ, ಬೇಜಾರಾಗುತ್ತದೆ ಅಲ್ವಾ?

ಬೇರೆ ಕಡೆಯವರೂ ಬಂದರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಏಷ್ಯನ್ನರಲ್ಲಿ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಅವರಲ್ಲಿ ಗುಜರಾತಿಗಳೇ ಜಾಸ್ತಿ, ಲೆಸ್ಟರ್‌ನಲ್ಲಿ ಸಸ್ಯಾಹಾರಿ ತಿಂಡಿ, ಮಿಠಾಯಿ ಅಂಗಡಿಗಳು ಬೆಳೆದವು. ಬರ್ಮಿಂಗ್‌ಹ್ಯಾಮಿನಲ್ಲಿ ಪಾಕಿಸ್ತಾನದಿಂದ ಬಂದವರು ಬಾಣಲೆಯಂಥ ಪಾತ್ರೆಯಲ್ಲೇ ಬೇಯಿಸಿ ಬಡಿಸುವ ಬಾಲ್ಟಿ ಶುರು ಮಾಡಿದರು.

2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿನಿಸು ಎಂದರು. ಅಡುಗೆಯನ್ನು ಹೀಗೆ ಹೊಗಳಿದ ದೇಶ ಅಡುಗೆಯವರಿಗೆ ಮಾತ್ರ 1962ರ ವಲಸೆ ಕಾಯ್ದೆಯಿಂದಲೇ ಬಾಗಿಲು ಕಿರಿದು ಮಾಡುತ್ತ ಬಂದಿತ್ತು. 2016ರ ಜನಮತದಲ್ಲಿ, ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟರೆ ನಿಮ್ಮ ಕಡೆಯ ಬಾಣಸಿಗರನ್ನು ಕರೆಸಬಹುದು ಎಂಬ ಮಾತು ನಂಬಿ ಹಲವು ಹೋಟೆಲಿನವರು ಹೊರಬರುವ ಪರ ನಿಂತರು. ಆದದ್ದೇ ಬೇರೆ. ನುರಿತ ಕೆಲಸಗಾರರ ವೀಸಾಕ್ಕೆ ಬೇಕಾದ ವರ್ಷದ ಸಂಬಳವನ್ನು 2024ರ ಏಪ್ರಿಲ್‌ನಲ್ಲಿ 38,700 ಪೌಂಡಿಗೆ ಏರಿಸಿದರು. ಬೀದಿಬದಿಯ ಸಣ್ಣ ಹೋಟೆಲು ಅಷ್ಟು ಎಲ್ಲಿಂದ ತರಬೇಕು? ಮಾಲೀಕರ ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ, ಅಪ್ಪನ ಹಾಗೆ ನಡುರಾತ್ರಿವರೆಗೆ ಒಲೆ ಮುಂದೆ ನಿಲ್ಲುವುದು ಅವರಿಗೆ ಬೇಡ, ಅದು ಸರಿಯೂ ಹೌದು. ಹೊಸಬರು ಬರುವಂತಿಲ್ಲ, ಹಳಬರಿಗೆ ವಯಸ್ಸಾಯಿತು, ಎಷ್ಟೋ ಹೋಟೆಲುಗಳು ಬಾಗಿಲು ಹಾಕುತ್ತಿವೆ.