ಎಂಜಿನ್ ಐಡಲ್‌ಗೆ ತಂದರೂ ಏರ್‌ಬಸ್ ಯಾಕೆ ಇಳಿಯುವುದಿಲ್ಲ?

ಪ್ರಶ್ನೆ: ಮನೆಯ ಸಿಮ್ಯುಲೇಟರ್‌ನಲ್ಲಿ ಎ320 ಹಾರಿಸುತ್ತೇನೆ. ಟೇಕಾಫ್, ಕ್ರೂಸ್ ಎಲ್ಲಾ ಚೆನ್ನಾಗಿ ಆಗುತ್ತದೆ. ಆದರೆ ಏರ್‌ಪೋರ್ಟ್ ಹತ್ತಿರ ಬಂದಾಗ ಪ್ರತಿ ಸಲ ಎತ್ತರವೂ ಜಾಸ್ತಿ, ವೇಗವೂ ಜಾಸ್ತಿ. ಸೆಟ್ಟಿಂಗ್‌ನಲ್ಲಿ ಏನಾದರೂ ತೊಂದರೆ ಇದೆಯಾ?

ಸೆಟ್ಟಿಂಗ್ ಸರಿಯಾಗಿಯೇ ಇದೆ. ನಿಜವಾದ ವಿಮಾನವೂ ಹೀಗೇ ಮಾಡುತ್ತದೆ. ಸೆಸ್ನಾದಂಥ ಚಿಕ್ಕ ವಿಮಾನದಲ್ಲಿ ಪವರ್ ತೆಗೆದ ಕೂಡಲೇ ವೇಗ ಇಳಿಯುತ್ತದೆ, ಅದೇ ಅಭ್ಯಾಸದಲ್ಲಿ ಜೆಟ್‌ಗೆ ಬಂದವರಿಗೆಲ್ಲಾ ಈ ಕಷ್ಟ ಎದುರಾಗುತ್ತದೆ. ಪ್ಯಾಸೆಂಜರ್ ಜೆಟ್‌ ಗಾಳಿಯನ್ನು ಸೀಳಿಕೊಂಡು ದೂರ ಹೋಗಲೆಂದೇ ಮಾಡಿದ ಯಂತ್ರ. ಫ್ಲ್ಯಾಪ್ (ರೆಕ್ಕೆಯಿಂದ ಹೊರಚಾಚುವ ಹಲಗೆಗಳು), ಗೇರ್ (ಚಕ್ರಗಳು) ಒಳಗಿದ್ದಾಗ ಎಂಜಿನ್ ಐಡಲ್‌ನಲ್ಲಿ, ಅಂದರೆ ಅತಿ ಕಡಿಮೆ ಪವರ್‌ನಲ್ಲಿ ಇದ್ದರೂ 1,000 ಅಡಿ ಇಳಿಯುವಷ್ಟರಲ್ಲಿ ಅದು ಹೆಚ್ಚುಕಮ್ಮಿ 3 ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಅಂದರೆ ಸುಮಾರು 1.85 ಕಿ.ಮೀ., ಇಲ್ಲಿ ಮೈಲು ಅಂದಲ್ಲೆಲ್ಲಾ ಇದೇ) ಮುಂದೆ ಹೋಗಿರುತ್ತದೆ. ಇದನ್ನು ಕೋನದಲ್ಲಿ ಹೇಳಿದರೆ ಸುಮಾರು 3 ಡಿಗ್ರಿ. ರೇಡಿಯೋ ಸಿಗ್ನಲ್ ತೋರಿಸುವ, ರನ್‌ವೇಗೆ ಇಳಿಸುವ ದಾರಿ, ಅಂದರೆ ಗ್ಲೈಡ್‌ಸ್ಲೋಪ್ ಕೂಡ ಸಾಮಾನ್ಯವಾಗಿ 3 ಡಿಗ್ರಿಯೇ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದ ಸೈಕಲ್ ತಾನೇ ನಿಲ್ಲುತ್ತದಾ? ಇಲ್ಲವಲ್ಲ, ಇದೂ ಹಾಗೇ.

ಎಂಜಿನ್ ಇಲ್ಲದೆಯೂ ಜೆಟ್ ಎಷ್ಟು ದೂರ ಹೋಗಬಲ್ಲದು ಅಂತ ತಿಳಿಯಬೇಕಾದರೆ 2001ರ ಆಗಸ್ಟ್‌ನ ಏರ್ ಟ್ರಾನ್ಸ್ಯಾಟ್ 236 ವಿಮಾನದ ಘಟನೆ ನೋಡಿ. ಅಟ್ಲಾಂಟಿಕ್ ಮೇಲೆ ಇಂಧನ ಸೋರಿ ಆ ಎ330ರ ಎರಡೂ ಎಂಜಿನ್ ನಿಂತುಹೋದವು. ಸುಮಾರು 65 ನಾಟಿಕಲ್ ಮೈಲು ತೇಲಿಕೊಂಡೇ ಬಂದು ಅಜೋರ್ಸ್ ದ್ವೀಪಗಳ ಲಾಜೆಸ್‌ನಲ್ಲಿ ಇಳಿಯಿತು, ಅದರಲ್ಲಿದ್ದ 306 ಜನರೂ ಬದುಕಿದರು. ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಏನೆಂದರೆ, ಎರಡೂ ಎಂಜಿನ್ ಸತ್ತಿದ್ದರೂ ಅವರು ಏರ್‌ಪೋರ್ಟ್ ತಲುಪುವಾಗ ಎತ್ತರ ಜಾಸ್ತಿಯೇ ಇತ್ತು. ಅದನ್ನು ಕಳೆಯಲು ಪೈಲಟ್ ಪೂರ್ತಿ ಒಂದು ಸುತ್ತು ಹಾಕಬೇಕಾಯಿತು.

ಹಾಗಾಗಿ ಇಳಿಯುವ ಲೆಕ್ಕವನ್ನು ಏರ್‌ಪೋರ್ಟ್ ಕಾಣುವುದಕ್ಕೆ ತುಂಬಾ ಮೊದಲೇ ಹಾಕಿರಬೇಕು. ಲೆಕ್ಕ ಸುಲಭ: ಕಳೆಯಬೇಕಾದ ಎತ್ತರವನ್ನು ಸಾವಿರ ಅಡಿಗಳಲ್ಲಿ ತೆಗೆದುಕೊಂಡು 3ರಿಂದ ಗುಣಿಸಿ. ನೀವು 36,000 ಅಡಿಯಲ್ಲಿದ್ದೀರಿ, ರನ್‌ವೇ ಸಮುದ್ರ ಮಟ್ಟದಲ್ಲಿದೆ ಅಂದುಕೊಳ್ಳಿ. 36 ಗುಣಿಸು 3, ಅಂದರೆ 108 ಮೈಲು. ನಡುವೆ ವೇಗ ಕಳೆಯಲು ಇನ್ನೊಂದು 10 ಮೈಲು ಸೇರಿಸಿ. ಹಿಂದಿನಿಂದ ಜೋರು ಗಾಳಿ ಇದ್ದರೆ ಇನ್ನೂ ಸ್ವಲ್ಪ ಸೇರಿಸಿ. ಇಲ್ಲಿ ಮೈಲು ಅಂದರೆ ನೀವು ಹಾರುವ ದಾರಿಯ ಉದ್ದ, ಮ್ಯಾಪ್‌ನಲ್ಲಿ ನೇರ ಗೆರೆ ಎಳೆದರೆ ಬರುವ ದೂರ ಅಲ್ಲ. ಎಷ್ಟು ವೇಗವಾಗಿ ಇಳಿಯಬೇಕು ಅನ್ನುವುದಕ್ಕೂ ಒಂದು ಸುಲಭದ ಲೆಕ್ಕ ಇದೆ: ಗ್ರೌಂಡ್‌ಸ್ಪೀಡ್ (ನೆಲದ ಲೆಕ್ಕದಲ್ಲಿ ವಿಮಾನದ ವೇಗ) ಅನ್ನು 5ರಿಂದ ಗುಣಿಸಿ. 140 ನಾಟ್‌ಗೆ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು) ನಿಮಿಷಕ್ಕೆ 700 ಅಡಿ.

ಕಂಪ್ಯೂಟರ್ ಇದನ್ನೆಲ್ಲಾ ತಾನೇ ಲೆಕ್ಕ ಹಾಕುತ್ತದಲ್ವಾ ಅಂತ ನೀವು ಕೇಳಬಹುದು. ಹಾಕುತ್ತದೆ, ಇಳಿಯಲು ಶುರು ಮಾಡಬೇಕಾದ ಜಾಗವನ್ನು ಬಾಣದ ಗುರುತಿನಿಂದ ತೋರಿಸುತ್ತದೆ ಕೂಡ. ಆದರೆ ಏರ್‌ಬಸ್ ಅಲ್ಲಿಗೆ ಬಂದಾಗ ತಾನಾಗಿ ಇಳಿಯುವುದಿಲ್ಲ, ನೀವು ಕೆಳಗಿನ ಎತ್ತರ ಸೆಟ್ ಮಾಡಿ ನಾಬ್ ಒತ್ತಬೇಕು. ಎಷ್ಟೋ ಜನರ ಹತ್ತಿಪ್ಪತ್ತು ಮೈಲು ಇಲ್ಲೇ ಕಳೆದುಹೋಗುತ್ತದೆ. ಇನ್ನು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ತಡವಾಗಿ ಇಳಿಸಿದರೆ, ಅಥವಾ ದಾರಿ ಕಡಿಮೆ ಮಾಡಿ ನೇರವಾಗಿ ಕರೆದರೆ, ಹಳೆಯ ಲೆಕ್ಕ ಅಲ್ಲಿಗೇ ಮುಗಿಯಿತು. 20,000 ಅಡಿಗೆ ಬಂದಾಗ ಒಮ್ಮೆ, 10,000ಕ್ಕೆ ಬಂದಾಗ ಇನ್ನೊಮ್ಮೆ ಅದೇ ಗುಣಾಕಾರ ಮಾಡಿ ನೋಡಿ.

ವೇಗದ ವಿಷಯಕ್ಕೆ ಬರೋಣ, ಏಕೆಂದರೆ ನಿಜವಾಗಿ ಎಡವುವುದು ಇಲ್ಲಿ. ಇಳಿಯುವುದು ಮತ್ತು ನಿಧಾನವಾಗುವುದು ಎರಡನ್ನೂ ಒಟ್ಟಿಗೆ ಕೇಳಿದರೆ, ಫ್ಲ್ಯಾಪ್ ಒಳಗಿರುವ ಜೆಟ್ ಒಂದನ್ನಷ್ಟೇ ಕೊಡುತ್ತದೆ. ವೇಗ ಇಳಿಯಬೇಕಾದರೆ ಸ್ವಲ್ಪ ಹೊತ್ತು ಮಟ್ಟವಾಗಿ ಹಾರಿ, ಇಲ್ಲವೇ ಇಳಿಯುವ ದರ ತುಂಬಾ ಕಡಿಮೆ ಮಾಡಿ. 10 ನಾಟ್ ಕಳೆಯಲು ಸುಮಾರು 1 ಮೈಲು ಅಂತ ಇಟ್ಟುಕೊಳ್ಳಿ. 10,000 ಅಡಿ ಕೆಳಗೆ 250 ನಾಟ್. ರನ್‌ವೇಗೆ 10 ಮೈಲು ಇರುವಾಗ ನೆಲದಿಂದ 3,000 ಅಡಿಯಲ್ಲಿ, 200 ನಾಟ್ ಅಥವಾ ಅದಕ್ಕಿಂತ ಕಡಿಮೆ ವೇಗದಲ್ಲಿ, ಸ್ವಲ್ಪ ಫ್ಲ್ಯಾಪ್ ಹಾಕಿಕೊಂಡಿದ್ದರೆ ಮುಂದಿನದೆಲ್ಲಾ ಆರಾಮಾಗಿ ನಡೆಯುತ್ತದೆ. ಎ320ರಲ್ಲಿ ಮೊದಲ ಹಂತದ ಫ್ಲ್ಯಾಪ್‌ಗೆ ಮಿತಿ 230 ನಾಟ್, ಎರಡನೆಯದಕ್ಕೆ 200, ಫುಲ್‌ಗೆ 177. ಆ ವೇಗಕ್ಕೆ ಇಳಿಯದೆ ಫ್ಲ್ಯಾಪ್ ಹಾಕುವ ಹಾಗಿಲ್ಲ.

ಎತ್ತರ ಜಾಸ್ತಿಯೇ ಆಗಿಬಿಟ್ಟರೆ? ಇನ್ನೂ ದೂರದಲ್ಲಿದ್ದರೆ ವೇಗ ಕಡಿಮೆ ಮಾಡಬೇಡಿ. ಇದು ವಿಚಿತ್ರ ಅನ್ನಿಸುತ್ತದೆ, ಆದರೆ ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ, ಆದ್ದರಿಂದ ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿ ತಡೆಯುವ ಹಲಗೆಗಳು) ಕೆಲಸ ಮಾಡುವುದೂ ಆಗಲೇ ಚೆನ್ನಾಗಿ. ಮಿತಿಯೊಳಗೆ ಜೋರಾಗಿ ಇಳಿದು, ಆಮೇಲೆ ಮಟ್ಟ ಮಾಡಿ ವೇಗ ಕಳೆಯಿರಿ. ಏರ್‌ಪೋರ್ಟ್ ಹತ್ತಿರವಾಗಿದ್ದರೆ ಗೇರ್ ಹಾಕಿ. 250 ನಾಟ್ ಒಳಗೆ ಎ320ರ ಗೇರ್ ಇಳಿಸಬಹುದು, ಅಷ್ಟು ಒಳ್ಳೆಯ ಬ್ರೇಕ್ ನಿಮ್ಮ ಹತ್ತಿರ ಬೇರೆ ಇಲ್ಲ. ಬೇಗ ಗೇರ್ ಇಳಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ನಿಜವಾದ ಪೈಲಟ್‌ಗಳೂ ಮಾಡುತ್ತಾರೆ.

ಗ್ಲೈಡ್‌ಸ್ಲೋಪ್ ಅನ್ನು ಮಾತ್ರ ಕೆಳಗಿನಿಂದಲೇ ಹಿಡಿಯಿರಿ. ತುಂಬಾ ಮೇಲಿನಿಂದ ಬಂದರೆ ಸುಮಾರು 9 ಡಿಗ್ರಿಯಲ್ಲಿ ಸುಳ್ಳು ಸಿಗ್ನಲ್ ಇರುತ್ತದೆ, ನಿಜವಾದ ವಿಮಾನಗಳ ಆಟೋಪೈಲಟ್ ಅದನ್ನು ಹಿಡಿದು ಪೈಲಟ್‌ಗಳನ್ನು ಕಷ್ಟಕ್ಕೆ ಸಿಕ್ಕಿಸಿದ್ದುಂಟು.

ನೆಲದಿಂದ 1,000 ಅಡಿಗೆ ಬರುವಷ್ಟರಲ್ಲಿ ಗೇರ್, ಫ್ಲ್ಯಾಪ್, ವೇಗ, ಇಳಿಯುವ ದರ ಎಲ್ಲಾ ಸರಿಯಾಗಿರಬೇಕು. ಒಂದು ತಪ್ಪಿದ್ದರೂ ಹೇಗಾದರೂ ಇಳಿಸಿಬಿಡೋಣ ಅಂತ ಮೂಗು ಕೆಳಗೆ ಒತ್ತಬೇಡಿ. ಥ್ರಸ್ಟ್ ಲಿವರ್ ಟೋಗಾಕ್ಕೆ (ಪೂರ್ತಿ ಪವರ್‌ನ ಸ್ಥಾನಕ್ಕೆ) ತಳ್ಳಿ ಮೇಲೇರಿ, ಸುತ್ತಿ ಬನ್ನಿ. ಈ ಸಲ 10 ಮೈಲಿನಲ್ಲಿ 3,000 ಅಡಿ ಇದೆಯಾ ಅಂತ ಅದೊಂದನ್ನೇ ನೋಡಿ.