ಅಡುಗೆ ಲಿನಕ್ಸ್‌ನಲ್ಲಿ, ಊಟ ವಿಂಡೋಸ್‌ನಲ್ಲಿ

ಪುಣೆಯ ಕೋಥ್ರೂಡ್‌ನಲ್ಲಿ ಕುಂದಾಪುರದವರೊಬ್ಬರ ಹೋಟೆಲ್ ಇದೆ. ಗಿರಾಕಿಯ ಬಿಲ್ ಮರಾಠಿಯಲ್ಲಿರಬೇಕು. ಅಡುಗೆಮನೆಗೆ ಹೋಗುವ ಚೀಟಿ ಮಾತ್ರ ಕನ್ನಡದಲ್ಲೇ ಬೇಕು, ಯಾಕೆಂದರೆ ಒಲೆಯ ಮುಂದೆ ನಿಂತವರೆಲ್ಲ ಊರಿನ ಕಡೆಯವರು. ಅವರಿಗಾಗಿ ನಾನೊಂದು ಸಣ್ಣ ಪ್ರೋಗ್ರಾಮ್ ಬರೆದೆ. ಪರದೆಯ ಮೇಲಿನ ಬಟನ್, ಪಟ್ಟಿಗಳಿಗೆಲ್ಲ ಜಿಟಿಕೆ 3 ಲೈಬ್ರರಿ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಕೋಡ್‌ನ ಕಟ್ಟು. ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಅವರ ಗಲ್ಲಾದ ಮೇಲೆ ವಿಂಡೋಸ್. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದ ಮೊದಲ ದಿನ ಅದು ತೆರೆಯಲೇ ಇಲ್ಲ.

"ನಿಮ್ಮಲ್ಲಿ ಓಡ್ತದೆ, ನಮ್ಮಲ್ಲಿ ಎಂತಕ್ಕೆ ಓಡುವುದಿಲ್ಲ ಮಾರಾಯ್ರೇ?" ಎಂದು ಯಜಮಾನರು ಕೇಳಿದರು.

ಸರಿಯಾದ ಪ್ರಶ್ನೆ. ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವುದು ಕಂಪೈಲ್, ಆ ಕೆಲಸ ಮಾಡುವುದು ಕಂಪೈಲರ್. ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ನ ಪ್ರೋಗ್ರಾಮ್ ತಯಾರಿಸುವುದನ್ನು ಕ್ರಾಸ್ ಕಂಪೈಲ್ ಎನ್ನುತ್ತೇವೆ. ಡಬ್ಬಾ ಕಳಿಸಿದ ಹಾಗೆ: ಬೇಯಿಸುವುದು ಒಂದು ಕಡೆ, ಉಣ್ಣುವುದು ಇನ್ನೊಂದು ಕಡೆ. ಬೇಯಿಸುವ ಯಂತ್ರಕ್ಕೆ 'ಬಿಲ್ಡ್' ಎಂದು ಹೆಸರು, ಪ್ರೋಗ್ರಾಮ್ ಓಡುವ ಯಂತ್ರಕ್ಕೆ 'ಹೋಸ್ಟ್'. ಹೊಸಬರು ಹೋಸ್ಟ್ ಅಂದರೆ ತಮ್ಮ ಲ್ಯಾಪ್‌ಟಾಪ್ ಅಂದುಕೊಳ್ಳುತ್ತಾರೆ. ಗೊಂದಲ ಅಲ್ಲಿಂದಲೇ ಶುರು. ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು, ಒಂದು ಯಂತ್ರದ ಸಾಮಾನು ಇನ್ನೊಂದರ ಪಾತ್ರೆಗೆ ಬಿದ್ದದ್ದೇ.

ಕಂಪೈಲರ್ ಸಿಗುವುದು ಕಷ್ಟವಲ್ಲ. ವಿಂಡೋಸ್‌ಗಾಗಿ ಕಂಪೈಲ್ ಮಾಡುವ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64, ಲಿನಕ್ಸ್‌ನ ಬಗೆಗಳಾದ ಡೆಬಿಯನ್, ಫೆಡೋರಾ ಎರಡರಲ್ಲೂ ಒಂದು ಆಜ್ಞೆಗೆ ಬರುತ್ತದೆ. ಕಷ್ಟವಿರುವುದು ಲೈಬ್ರರಿಯಲ್ಲಿ. ಜಿಟಿಕೆ ಒಂಟಿಯಾಗಿ ಬರುವುದಿಲ್ಲ. ಜಿಲಿಬ್, ಕೈರೋ, ಪ್ಯಾಂಗೋ, ಹಾರ್ಫ್‌ಬಜ್, ಜಿಡಿಕೆ-ಪಿಕ್ಸ್‌ಬಫ್ ಅಂತ ಇಡೀ ಬಳಗ ಜೊತೆಗಿದೆ. ಪ್ರತಿಯೊಂದೂ ವಿಂಡೋಸ್‌ಗಾಗಿ ತಯಾರಾಗಿರಬೇಕು. ಫೆಡೋರಾದಲ್ಲಿ ಈ ಬಳಗ ಮೊದಲೇ ತಯಾರಾಗಿ ಪ್ಯಾಕೇಜ್ ರೂಪದಲ್ಲಿ ಸಿಗುತ್ತದೆ. ಹಾಗಾಗಿ ಮೊದಲ ಸಲ ಮಾಡುವವರಿಗೆ ನಾನು ಫೆಡೋರಾವನ್ನೇ ಹೇಳುತ್ತೇನೆ. ಒಂದೇ ಒಂದು ಸಲ ಬೇಕಿದ್ದರೆ ಕ್ರಾಸ್ ಕಂಪೈಲ್ ಗೋಜೇ ಬೇಡ, ವಿಂಡೋಸ್‌ನಲ್ಲೇ ಕಂಪೈಲರ್, ಲೈಬ್ರರಿ ಎಲ್ಲ ಒಟ್ಟಿಗೆ ಕೊಡುವ ಎಂಸಿಸ್2 ಹಾಕಿಕೊಳ್ಳಿ.

ಸಾಮಾನು ಬೆರೆಯುವುದು ಮುಖ್ಯವಾಗಿ ಪಿಕೆಜಿ-ಕಾನ್ಫಿಗ್ ಮೂಲಕ. ಯಾವ ಲೈಬ್ರರಿ ಎಲ್ಲಿದೆ ಎಂದು ಹೇಳುವ ಸಾಧನ ಅದು. ಅದರ 'ಪಾತ್' ವೇರಿಯೇಬಲ್‌ನಲ್ಲಿ, ಅಂದರೆ ನಾವು ತುಂಬುವ ಸೆಟ್ಟಿಂಗ್‌ನಲ್ಲಿ, ವಿಂಡೋಸ್ ಲೈಬ್ರರಿಗಳ ಜಾಗ ಕೊಟ್ಟರೆ ಸಾಲದು. ಮೊದಲು ಅಲ್ಲಿ ಹುಡುಕುತ್ತದೆ, ಸಿಗದಿದ್ದರೆ ಲಿನಕ್ಸ್‌ನದ್ದನ್ನೇ ಎತ್ತಿ ಕೊಡುತ್ತದೆ. ಆಗ ಲೈಬ್ರರಿಗಳನ್ನು ಪ್ರೋಗ್ರಾಮ್‌ಗೆ ಜೋಡಿಸುವ, ಅಂದರೆ ಲಿಂಕ್ ಮಾಡುವ ಹೊತ್ತಿಗೆ ಅರ್ಥವಾಗದ ದೂರುಗಳು ಬರುತ್ತವೆ. 'ಲಿಬ್‌ಡಿರ್' ವೇರಿಯೇಬಲ್ ಕೊಟ್ಟರೆ ಹಳೆಯ ಜಾಗವನ್ನು ಪೂರ್ತಿ ಮರೆತು ನೀವು ಹೇಳಿದ ಕಡೆ ಮಾತ್ರ ನೋಡುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನನ್ನ ಎರಡು ಭಾನುವಾರಗಳು ಹೋದವು. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಐಕಾನ್, ಮೆನು ಫೈಲ್‌ಗಳನ್ನು ಪ್ರೋಗ್ರಾಮ್‌ನೊಳಗೆ ಸೇರಿಸುವ ಜಿಲಿಬ್-ಕಂಪೈಲ್-ರಿಸೋರ್ಸಸ್ ಕೆಲಸ ಮಾಡುವುದು ಬೇಯಿಸುವಾಗ. ಅದು ಲಿನಕ್ಸ್‌ನದ್ದೇ ಆಗಿರಬೇಕು. ಕಂಪೈಲ್ ಕೆಲಸವನ್ನು ನಡೆಸಿಕೊಡುವ ಮೆಸಾನ್ ಎಂಬ ಸಾಧನ ಬಳಸುವವರು ಕ್ರಾಸ್ ಫೈಲ್‌ನಲ್ಲಿ ಇದನ್ನೆಲ್ಲ ಒಮ್ಮೆ ಬರೆದಿಟ್ಟರೆ ಆಯ್ತು.

ಇನ್ನು ಡಬ್ಬಾ ಕಟ್ಟುವುದು. ಅವತ್ತು ಪ್ರೋಗ್ರಾಮ್ ತೆರೆಯದೆ ಇದ್ದದ್ದು ಇಲ್ಲಿಯ ತಪ್ಪಿಗೆ. ನಾನು ಡಿಎಲ್‌ಎಲ್ ಫೈಲ್‌ಗಳನ್ನು, ಅಂದರೆ ಪ್ರೋಗ್ರಾಮ್ ಓಡುವಾಗ ಬೇಕಾಗುವ ವಿಂಡೋಸ್ ಲೈಬ್ರರಿಗಳನ್ನು, ಅಂದಾಜಿನ ಮೇಲೆ ಆರಿಸಿದ್ದೆ. ಅಂದಾಜು ಬೇಡ. ಮಿನ್‌ಜಿಡಬ್ಲ್ಯೂ ಜೊತೆಗೆ ಬರುವ ಆಬ್ಜ್‌ಡಂಪ್ ಎಂಬ ಸಾಧನವನ್ನು ಕೇಳಿದರೆ ಯಾವ ಡಿಎಲ್‌ಎಲ್ ಬೇಕೆಂದು ಅದೇ ಹೇಳುತ್ತದೆ. ಆ ಡಿಎಲ್‌ಎಲ್‌ಗಳಿಗೂ ಬೇರೆ ಡಿಎಲ್‌ಎಲ್ ಬೇಕು, ಅವಕ್ಕೂ ಅದೇ ಪ್ರಶ್ನೆ ಕೇಳುತ್ತ ಹೋಗಬೇಕು. ಡಿಎಲ್‌ಎಲ್ ಎಲ್ಲ ಇದ್ದರೂ ಸೆಟ್ಟಿಂಗ್‌ಗಳ ವಿವರ ಇರುವ ಜಿಲಿಬ್‌ನ ಸ್ಕೀಮಾ ಫೈಲ್ ಮರೆತರೆ, ಜಿಟಿಕೆಯ ಫೈಲ್ ಆರಿಸುವ ಕಿಟಕಿ ತೆರೆದ ಕೂಡಲೇ ಪ್ರೋಗ್ರಾಮ್ ಬಿದ್ದುಹೋಗುತ್ತದೆ.

ಕನ್ನಡದವರಿಗೆ ಎರಡು ವಿಷಯ ಜಾಸ್ತಿ. ಒಂದು, ಫಾಂಟ್. ನಾನು ನೋಟೊ ಸ್ಯಾನ್ಸ್ ಕನ್ನಡ ಎಂದು ಬರೆದಿದ್ದೆ. ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲೇ ಓಡಿಸುವ ವೈನ್‌ನಲ್ಲಿ ಹಾಕಿ ನೋಡಿದಾಗ ಚೆನ್ನಾಗಿಯೇ ಕಂಡಿತು, ಯಾಕೆಂದರೆ ವೈನ್ ಲಿನಕ್ಸ್‌ನ ಫಾಂಟ್‌ಗಳನ್ನೇ ಎತ್ತಿಕೊಳ್ಳುತ್ತದೆ. ಗಲ್ಲಾದ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲ. ವಿಂಡೋಸ್ 8ರಿಂದ ಈಚೆಗೆ ಬರುವ ನಿರ್ಮಲಾ ಯುಐ ಅದರ ಜಾಗಕ್ಕೆ ಬಂತು. ಒತ್ತಕ್ಷರ ಸರಿಯಾಗಿಯೇ ಇದ್ದವು, ಆದರೆ ಅಗಲ ಬದಲಾಗಿ 'ಕೊಟ್ಟೆ ಕಡುಬು' ಚೀಟಿಯ ಅಂಚಿನಲ್ಲಿ ತುಂಡಾಯಿತು. ಹಾಗಾಗಿ ಕೊನೆಯ ಪರೀಕ್ಷೆ ನಿಜವಾದ ವಿಂಡೋಸ್‌ನಲ್ಲೇ ಆಗಬೇಕು.

ಎರಡನೆಯದು ಫೈಲ್ ಹೆಸರು. ಯಜಮಾನರು 'ಜೂನ್ ಲೆಕ್ಕ' ಎಂದು ಉಳಿಸಿದ ಫೈಲ್ ಮತ್ತೆ ತೆರೆಯಲಿಲ್ಲ. ಫೈಲ್ ಉಳಿಸುವ ಕೋಡ್ ಜಿಲಿಬ್‌ನದ್ದು. ಓದುವ ಕಡೆ ಮಾತ್ರ ನಾನು ಸಿ ಭಾಷೆಯ ಮಾಮೂಲಿ ಎಫ್‌ಓಪನ್ ಬಳಸಿದ್ದೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಹಳೆಯ ಕೋಡ್‌ಪೇಜ್, ಅಂದರೆ ಕೆಲವೇ ಲಿಪಿಗಳ ಅಕ್ಷರಪಟ್ಟಿ, ಅದರ ಲೆಕ್ಕದಲ್ಲಿ ಹೆಸರು ಓದುತ್ತದೆ. ಹಾಗೆ ಬಳಸುವಂಥ ಕೋಡ್‌ಪೇಜ್ ಕನ್ನಡಕ್ಕೆ ವಿಂಡೋಸ್ ಮಾಡಲೇ ಇಲ್ಲ, ನಮ್ಮ ಲಿಪಿ ಅಲ್ಲಿಗೆ ನೇರ ಯೂನಿಕೋಡ್, ಅಂದರೆ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ, ಅದರ ಮೂಲಕವೇ ಬಂತು. ಇಂಗ್ಲಿಷ್ ಹೆಸರಿಟ್ಟು ಪರೀಕ್ಷೆ ಮಾಡುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ. ಜಿಲಿಬ್‌ನ ಜಿ_ಎಫ್‌ಓಪನ್ ಹೆಸರನ್ನು ಯೂನಿಕೋಡ್‌ನ ಒಂದು ರೂಪವಾದ ಯುಟಿಎಫ್-8 ಎಂದೇ ಓದುತ್ತದೆ. ಕೋಡ್‌ನಲ್ಲಿ ಏಳು ಕಡೆ ಎರಡೆರಡು ಅಕ್ಷರ ಸೇರಿಸಿ ಮತ್ತೆ ಕಂಪೈಲ್ ಮಾಡಿದೆ. ಮರುದಿನ ಬೆಳಗ್ಗೆ ಯಜಮಾನರು 'ಜೂನ್ ಲೆಕ್ಕ' ತೆರೆದು, ಬಿಟ್ಟುಹೋಗಿದ್ದ ಹಾಲಿನ ಬಾಕಿ ಸೇರಿಸಿದರು.